ಹೈಪರ್‌ಬೇರಿಕ್ ಆಮ್ಲಜನಕ ಚಿಕಿತ್ಸೆಯ ವೇಳೆ ಮಿದುಳಿನ ರಕ್ತದ ಹರಿವನ್ನು ಗಮನಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಚೇಂಬರ್ ಎಂಬ ಮುಚ್ಚಿದ ಕೋಣೆಯಲ್ಲಿ, ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡದಲ್ಲಿ ರೋಗಿಗೆ ಶುದ್ಧ ಆಮ್ಲಜನಕ ಉಸಿರಾಡಲು ಕೊಡುವುದೇ ಹೈಪರ್‌ಬೇರಿಕ್ ಆಮ್ಲಜನಕ ಚಿಕಿತ್ಸೆ. ಕಲಬುರಗಿ, ಬೀದರ್, ಯಾದಗಿರಿ ಭಾಗದ ತಂತ್ರಜ್ಞರೂ ಶುಶ್ರೂಷಕರೂ ಪರಿಶೀಲನೆಗೆಂದು ನನ್ನ ಮುಂದಿಡುವ ದಾಖಲೆ ಹಾಳೆಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಚೇಂಬರ್‌ನಲ್ಲಿ ಒತ್ತಡ ಏರಿ, ರೋಗಿ ಆಮ್ಲಜನಕ ಉಸಿರಾಡತೊಡಗಿದ ಮೇಲೆ ಮಿದುಳಿನ ರಕ್ತದ ವೇಗ ಇಳಿಯಿತು ಎಂದು ಬರೆದಿರುತ್ತಾರೆ. ಆದರೆ ಅದು ಎಷ್ಟರಿಂದ ಇಳಿಯಿತು, ಆ ಹೊತ್ತಿಗೆ ರೋಗಿಯ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು, ವೇಗ ಅಳೆಯಲು ತಲೆಗೆ ತಗುಲಿಸುವ ಪ್ರೋಬ್ ಮೊದಲಿದ್ದ ಜಾಗದಲ್ಲೇ ಇತ್ತೇ ಎಂಬ ಮೂರು ಪ್ರಶ್ನೆಗಳಿಗೆ ಹಾಳೆಯಲ್ಲಿ ಉತ್ತರವಿರುವುದಿಲ್ಲ. ಉತ್ತರವಿಲ್ಲದ ಅಂಕಿಯನ್ನು ವೈದ್ಯರು ಬಳಸುವಂತಿಲ್ಲ. ಆದ್ದರಿಂದ ಈ ಬರಹದಲ್ಲಿ ಕೆಲಸದ ಅನುಕ್ರಮಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಚಿಕಿತ್ಸೆ ಯಾರಿಗೆ ಕೊಡಬೇಕು, ಎಷ್ಟು ಒತ್ತಡದಲ್ಲಿ ಕೊಡಬೇಕು ಎಂಬ ನಿರ್ಧಾರ ಚೇಂಬರ್‌ನ ವೈದ್ಯರದು. ಆ ವಿಷಯವನ್ನು ಇಲ್ಲಿ ಎತ್ತಿಕೊಂಡಿಲ್ಲ.

ಅಳೆಯುತ್ತಿರುವುದು ವೇಗವನ್ನು, ಹರಿವನ್ನಲ್ಲ

ಇಲ್ಲಿ ಬಳಸುವ ವಿಧಾನ ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್, ಅಂದರೆ ಟಿಸಿಡಿ. 2 ಮೆಗಾಹರ್ಟ್ಸ್‌ನ ಶ್ರವಣಾತೀತ ಅಲೆಯನ್ನು ತಲೆಬುರುಡೆಯ ತೆಳುವಾದ ಭಾಗದ ಮೂಲಕ ಒಳಗೆ ಕಳುಹಿಸಿ, ಮಿದುಳಿನ ಮಧ್ಯ ಅಪಧಮನಿಯಲ್ಲಿ, ಅಂದರೆ ಎಂಸಿಎಯಲ್ಲಿ, ರಕ್ತಕಣಗಳು ಸಾಗುವ ವೇಗವನ್ನು ಅದು ತೋರಿಸುತ್ತದೆ. ನಾಳದ ಅಗಲ ಬದಲಾಗಿಲ್ಲ ಎಂದು ಒಪ್ಪಿಕೊಂಡಾಗ ಮಾತ್ರ ವೇಗದ ಏರಿಳಿತವನ್ನು ಹರಿವಿನ ಏರಿಳಿತವೆಂದು ಓದಬಹುದು. ಹೀಗಾಗಿ ಒಬ್ಬ ರೋಗಿಯ ಅಂಕಿಯನ್ನು ಇನ್ನೊಬ್ಬರದಕ್ಕೆ ಹೋಲಿಸುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅದೇ ರೋಗಿಯ, ಅದೇ ಬದಿಯ, ಅದೇ ಆಳದ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗಲೇ ಈ ಅಳತೆಗೆ ಬೆಲೆ.

ಶುದ್ಧ ಆಮ್ಲಜನಕ ಸಿಕ್ಕಾಗ ಮಿದುಳಿನ ರಕ್ತನಾಳಗಳು ಕುಗ್ಗುವುದು ಸಹಜ. 1953ರಲ್ಲಿ ಲ್ಯಾಂಬರ್ಟ್ಸನ್ ಮತ್ತು ಸಂಗಡಿಗರು ಮನುಷ್ಯರಲ್ಲಿ ಅಳೆದಾಗ, ಸಾಮಾನ್ಯ ಒತ್ತಡದ ಆಮ್ಲಜನಕದಲ್ಲಿ ಹರಿವು ಸುಮಾರು ಶೇ 15ರಷ್ಟು, 3.5 ವಾಯುಮಂಡಲದ ಒತ್ತಡದಲ್ಲಿ ಸುಮಾರು ಶೇ 25ರಷ್ಟು ಇಳಿದಿತ್ತು. ವೇಗ ಇಳಿದ ಕೂಡಲೇ ಗಾಬರಿಯಾಗಿ ವೈದ್ಯರನ್ನು ಕೂಗುವವರು ಇದನ್ನು ನೆನಪಿಡಬೇಕು. ಇಂತಹ ಒತ್ತಡದಲ್ಲಿ ಆಮ್ಲಜನಕವು ರಕ್ತದ್ರವದಲ್ಲೇ ಹೇರಳವಾಗಿ ಕರಗಿರುವುದರಿಂದ ಹರಿವು ತುಸು ಇಳಿದರೂ ಮಿದುಳಿಗೆ ಕೊರತೆಯಾಗುವುದಿಲ್ಲ. ಎಚ್ಚರ ವಹಿಸಬೇಕಾದದ್ದು ಆಮ್ಲಜನಕದ ಅವಧಿಯ ನಡುವೆ ಕಾರಣವಿಲ್ಲದೆ ವೇಗ ಏರತೊಡಗಿದಾಗ. ಅದರ ವಿವರ ಮುಂದಿದೆ.

ಬೇಕಾಗುವ ಸಲಕರಣೆಗಳು

2 ಮೆಗಾಹರ್ಟ್ಸ್ ಪ್ರೋಬ್ ಇರುವ ಟಿಸಿಡಿ ಯಂತ್ರ, ಪ್ರೋಬನ್ನು ಹಿಡಿದು ನಿಲ್ಲಿಸುವ ತಲೆಪಟ್ಟಿ, ನೀರಿನ ಆಧಾರದ ಜೆಲ್, ಉಸಿರಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್, ರಕ್ತದೊತ್ತಡದ ಮಾಪಕ, ಇಸಿಜಿ, ಚರ್ಮದ ಮೇಲೆ ಗುರುತು ಹಾಕುವ ಪೆನ್ನು, ಅಳತೆಪಟ್ಟಿ ಮತ್ತು ಮೊದಲೇ ಗೆರೆ ಹಾಕಿಟ್ಟ ದಾಖಲೆ ಹಾಳೆ ಬೇಕು. ಪಾದರಸದ ಮಾಪಕ ಚೇಂಬರ್‌ನ ಹತ್ತಿರವೂ ಬರಬಾರದು. ಯಂತ್ರಕ್ಕೆ ಯುಪಿಎಸ್ ಇರಲಿ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದಾಗ ಯಂತ್ರ ಮತ್ತೆ ಚಾಲೂ ಆಗುವಷ್ಟರಲ್ಲಿ ಆಳ, ಗೇನ್ (ಸಂಕೇತದ ವರ್ಧನೆ) ಮುಂತಾದ ಹೊಂದಿಕೆಗಳೆಲ್ಲ ಅಳಿಸಿಹೋಗಿರುತ್ತವೆ.

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಈ ಕೆಲಸಕ್ಕೆ ಬದಲಿಯಾಗದು. ಒತ್ತಡದಲ್ಲಿ ಆಮ್ಲಜನಕ ಕೊಟ್ಟಾಗ ಅದು 100 ತೋರಿಸಿ ಅಲ್ಲಿಯೇ ನಿಂತುಬಿಡುತ್ತದೆ. ಮಿದುಳಿನಲ್ಲಿ ಏನಾಗುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ.

ಹಂತ 1: ಚೇಂಬರ್ ಯಾವ ಬಗೆಯದು ಎಂಬುದನ್ನು ಮೊದಲು ನೋಡಿ

ಈ ಹಂತವನ್ನು ದಾಟಿ ಮುಂದೆ ಹೋಗುವವರೇ ಹೆಚ್ಚು. ಆದರೆ ಇಲ್ಲಿ ತಪ್ಪಿದರೆ ಕೆಡುವುದು ಅಂಕಿ ಮಾತ್ರವಲ್ಲ, ಚೇಂಬರ್‌ನೊಳಗೆ ಬೆಂಕಿಯೇ ಹೊತ್ತಿಕೊಳ್ಳಬಹುದು.

ಒಬ್ಬರೇ ಮಲಗುವ ಚೇಂಬರ್‌ಗಳಲ್ಲಿ ಹಲವನ್ನು ಶುದ್ಧ ಆಮ್ಲಜನಕದಿಂದಲೇ ತುಂಬಿಸುತ್ತಾರೆ. ಪ್ರೋಬ್‌ನ ಹರಳಿಗೆ ವಿದ್ಯುತ್ ಹಾಯುತ್ತದೆ. ತುಂಬಿದ ಆಮ್ಲಜನಕದ ನಡುವೆ ವಿದ್ಯುತ್ ಹಾಯುವ ಯಾವ ವಸ್ತುವೂ ಕಿಡಿಯ ಮೂಲವಾಗಬಲ್ಲದು. ಚೇಂಬರ್ ತಯಾರಕರೂ ಪ್ರೋಬ್ ತಯಾರಕರೂ ಬರಹದಲ್ಲಿ ಒಪ್ಪಿಗೆ ಕೊಟ್ಟು, ನಿಮ್ಮ ಕೇಂದ್ರದ ಸುರಕ್ಷತಾ ಅಧಿಕಾರಿ ಸಹಿ ಹಾಕಿದ ಹೊರತು ಇಂತಹ ಚೇಂಬರ್‌ನೊಳಗೆ ಪ್ರೋಬ್ ಇಡಬಾರದು. ಒಪ್ಪಿಗೆ ಇಲ್ಲದಿದ್ದರೆ ಚಿಕಿತ್ಸೆಗೆ ಮೊದಲು ಮತ್ತು ನಂತರ ಹೊರಗೆ ಅಳೆದು ಅಷ್ಟಕ್ಕೇ ತೃಪ್ತರಾಗಿ. ಅರ್ಧ ಮಾಹಿತಿಯಾದರೂ ಅದು ಸುರಕ್ಷಿತ ಮಾಹಿತಿ.

ಹಲವರು ಒಟ್ಟಿಗೆ ಕೂರುವ, ಗಾಳಿಯಿಂದ ಒತ್ತಡ ಏರಿಸುವ, ರೋಗಿ ಮಾತ್ರ ಮಾಸ್ಕ್ ಅಥವಾ ಹುಡ್ ಮೂಲಕ ಆಮ್ಲಜನಕ ಪಡೆಯುವ ಚೇಂಬರ್‌ನಲ್ಲಿ ಚಿಕಿತ್ಸೆಯ ನಡುವೆಯೂ ಅಳೆಯಬಹುದು. ಅಲ್ಲಿಯೂ ಯಂತ್ರ ಹೊರಗಿರಬೇಕು. ಚೇಂಬರ್ ಗೋಡೆಯಲ್ಲಿ ಅದಕ್ಕೆಂದೇ ಇರುವ ಮೊಹರಾದ ಜೋಡಣೆಯ ಮೂಲಕ ಪ್ರೋಬ್‌ನ ತಂತಿ ಮಾತ್ರ ಒಳಗೆ ಹೋಗಬೇಕು. ಚೇಂಬರ್‌ನ ಗಾಳಿಯಲ್ಲಿ ಆಮ್ಲಜನಕ ಶೇ 23.5 ದಾಟದಂತೆ ನೋಡಿಕೊಳ್ಳಬೇಕು.

ಹುಡ್ ಬಳಸುವಲ್ಲಿ ಒಂದು ಸೂಕ್ಷ್ಮವಿದೆ. ಹುಡ್ ಕತ್ತಿನವರೆಗೂ ಇಳಿಯುವುದರಿಂದ ಕಿವಿಯ ಮುಂದಿರುವ ಪ್ರೋಬ್ ಹುಡ್‌ನೊಳಗಿನ ಶುದ್ಧ ಆಮ್ಲಜನಕದಲ್ಲೇ ಸಿಕ್ಕಿಕೊಳ್ಳುತ್ತದೆ. ಚೇಂಬರ್ ಗಾಳಿಯದಾದರೂ ಪ್ರೋಬ್ ಆಮ್ಲಜನಕದಲ್ಲಿದೆ. ಆದ್ದರಿಂದ ಟಿಸಿಡಿ ಇಡುವ ದಿನ ಹುಡ್ ಬೇಡ; ಬಿಟ್ಟ ಉಸಿರನ್ನು ಚೇಂಬರ್‌ನ ಹೊರಗೆ ಸಾಗಿಸುವ, ಮೂಗು ಬಾಯಿಗೆ ಬಿಗಿಯಾಗಿ ಕೂರುವ ಮಾಸ್ಕ್ ಬಳಸಿ.

ಹಂತ 2: ರೋಗಿಯನ್ನು ಅಣಿಗೊಳಿಸುವುದು

ಬಟ್ಟೆ ಪೂರ್ತಿ ಹತ್ತಿಯದಾಗಿರಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳು ಆಸ್ಪತ್ರೆಗೆಂದು ಉಟ್ಟು ಬರುವ ಒಳ್ಳೆಯ ಸೀರೆ ಬಹುಪಾಲು ಪಾಲಿಯೆಸ್ಟರ್‌ನದೇ. ಕೇಂದ್ರದ ಹತ್ತಿ ಗೌನು ಕೊಡಿ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಎರಡು ರೀತಿಯಲ್ಲಿ ಕೆಡಿಸುತ್ತದೆ: ಆಮ್ಲಜನಕದ ಹತ್ತಿರ ಎಣ್ಣೆ ಅಪಾಯ, ಜೊತೆಗೆ ತಲೆಪಟ್ಟಿ ಜಾರುತ್ತದೆ. ಹಿಂದಿನ ದಿನವೇ ಹೇಳಿ ಕಳುಹಿಸಿ, ಬೆಳಿಗ್ಗೆ ತಲೆ ತೊಳೆದು ಬರಲಿ. ಮೊಬೈಲು, ಕಿವಿಯ ಯಂತ್ರ, ಬೆಂಕಿಪೊಟ್ಟಣ, ಲೈಟರು ಇವನ್ನು ಪ್ರತಿಸಲವೂ ಕೈಯಿಂದ ಮುಟ್ಟಿ ಪರೀಕ್ಷಿಸಿ, ಕೇಳಿದರೆ ಸಾಲದು. ರುಮಾಲು ಸುತ್ತುವ ಹಿರಿಯರಿಗೆ ಅದನ್ನು ತೆಗೆಯುವ ಕಾರಣವನ್ನು ಮರ್ಯಾದೆಯಿಂದ ಮೊದಲೇ ತಿಳಿಸಿ.

ಚಹಾದ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಕೆಫೀನ್ ಮಿದುಳಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಅಂದರೆ ಆಮ್ಲಜನಕ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಆಳಂದ, ಜೇವರ್ಗಿ, ಶಹಾಪುರದಿಂದ ನಸುಕಿಗೇ ಬಸ್ಸು ಹತ್ತಿ ಬರುವ ರೋಗಿ ನಿಲ್ದಾಣದಲ್ಲಿ ಚಹಾ ಕುಡಿಯದೇ ಇರುವುದಿಲ್ಲ. ಒಂದು ದಿನ ಕುಡಿದು, ಇನ್ನೊಂದು ದಿನ ಬಿಟ್ಟು ಬಂದರೆ ಎರಡು ದಿನದ ಅಂಕಿಗಳನ್ನು ಹೋಲಿಸುವಂತಿಲ್ಲ. ಚಿಕಿತ್ಸೆಗೆ ಮುಂಚಿನ ಕೆಲವು ಗಂಟೆ ಚಹಾ, ಕಾಫಿ, ತಂಬಾಕು, ಗುಟ್ಕಾ ಬೇಡವೆಂದು ಹೇಳಿ. ಕುಡಿದೇ ಬಂದಿದ್ದರೆ ಬೈಯದೆ ಹಾಳೆಯಲ್ಲಿ ಸಮಯಸಹಿತ ಬರೆಯಿರಿ. ಬೈದರೆ ನಾಳೆಯಿಂದ ಸುಳ್ಳು ಹೇಳುತ್ತಾರೆ.

ಜ್ವರ ಮತ್ತು ರಕ್ತದ ಸಕ್ಕರೆಯನ್ನು ನೋಡಿ. ಜ್ವರವಿದ್ದಾಗ ಆಮ್ಲಜನಕದ ವಿಷಪರಿಣಾಮದಿಂದ ಸೆಳೆತ ಬರುವ ಸಂಭವ ಹೆಚ್ಚು. ಮಧುಮೇಹಿಗಳಲ್ಲಿ ಚೇಂಬರ್‌ನೊಳಗೆ ಸಕ್ಕರೆ ಇಳಿಯಬಹುದು. ಹಿಮೋಗ್ಲೋಬಿನ್ ಅಂಕಿಯೂ ಹಾಳೆಯಲ್ಲಿರಲಿ, ಏಕೆಂದರೆ ರಕ್ತಹೀನತೆಯಲ್ಲಿ ವೇಗ ಸಹಜವಾಗಿಯೇ ಹೆಚ್ಚಿರುತ್ತದೆ.

ಹಂತ 3: ತಲೆಬುರುಡೆಯ ಕಿಟಕಿಯನ್ನು ಹುಡುಕುವುದು

ಅಲೆ ಒಳಗೆ ಹಾಯುವಷ್ಟು ಮೂಳೆ ತೆಳುವಾಗಿರುವ ಜಾಗವನ್ನೇ ಕಿಟಕಿ ಎನ್ನುತ್ತಾರೆ. ಈ ಹಂತವನ್ನೂ ಮುಂದಿನದನ್ನೂ ಚೇಂಬರ್‌ನ ಹೊರಗೆ, ರೋಗಿ ಒಳಗೆ ಯಾವ ಭಂಗಿಯಲ್ಲಿ ಇರುತ್ತಾರೋ ಅದೇ ಭಂಗಿಯಲ್ಲಿ ಮುಗಿಸಬೇಕು. ಹೊರಗೆ ಮಲಗಿಸಿ ಅಳೆದು ಒಳಗೆ ಕೂರಿಸಿದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ಕೆನ್ನೆಯ ಮೂಳೆಯಿಂದ ಕಿವಿಯತ್ತ ಹೋಗುವ ಕಮಾನಿನ ಮೇಲೆ, ಕಣ್ಣಿನ ಹೊರ ಅಂಚಿಗೂ ಕಿವಿಗೂ ನಡುವಿನ ಕಣತಲೆಯ ಭಾಗದಲ್ಲಿ ಜೆಲ್ ಹಚ್ಚಿ ಪ್ರೋಬ್ ಇಡಿ. ಮೊದಲು ಆಳವನ್ನು 50ರಿಂದ 55 ಮಿಲಿಮೀಟರಿಗೆ ಹೊಂದಿಸಿ, ಪ್ರೋಬನ್ನು ತುಸು ಮುಂದಕ್ಕೂ ಮೇಲಕ್ಕೂ ವಾಲಿಸಿ. ಎಂಸಿಎ ಆಗಿದ್ದರೆ ಹರಿವು ಪ್ರೋಬ್‌ನ ಕಡೆಗೆ ಬರುವಂತೆ, ತೆರೆಯಲ್ಲಿನ ಶೂನ್ಯ ಗೆರೆಯ ಮೇಲ್ಭಾಗದಲ್ಲಿ ಕಾಣುತ್ತದೆ. ನಂತರ ಆಳವನ್ನು ನಿಧಾನವಾಗಿ ಹೆಚ್ಚಿಸುತ್ತ ಹೋಗಿ: 60ರಿಂದ 65 ಮಿಲಿಮೀಟರಿನ ಸುಮಾರಿಗೆ ಗೆರೆಯ ಮೇಲೂ ಕೆಳಗೂ ಹರಿವು ಕಂಡರೆ ಅದು ಕವಲು, ಅಂದರೆ ಎಂಸಿಎಯೂ ಮುಂಭಾಗದ ಅಪಧಮನಿಯೂ ಬೇರೆಯಾಗುವ ಜಾಗ. ಕವಲನ್ನು ಕಂಡುಕೊಂಡು ಅಲ್ಲಿಂದ ಹಿಂದಕ್ಕೆ ಬಂದವರಿಗೆ ಮಾತ್ರ ತಾವು ಎಂಸಿಎಯಲ್ಲೇ ಇದ್ದೇವೆ ಎಂಬ ಭರವಸೆ ಇರುತ್ತದೆ. ಬಹಳ ಜನ ಮೊದಲು ಸಿಕ್ಕ ಸದ್ದನ್ನೇ ಹಿಡಿದು ಕೂರುತ್ತಾರೆ. ಅದು ಮಿದುಳಿನ ಹಿಂಭಾಗದ ಅಪಧಮನಿಯೂ ಆಗಿರಬಹುದು, ಅಲ್ಲಿಯೂ ಹರಿವು ಪ್ರೋಬ್‌ನ ಕಡೆಗೇ ಬರುತ್ತದೆ.

ಅಲೆ ನಾಳಕ್ಕೆ 30 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ತಗುಲಿದರೆ ತಪ್ಪು ಶೇ 15ರೊಳಗೆ ಉಳಿಯುತ್ತದೆ. ಕೋನ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅತಿ ಹೆಚ್ಚು ವೇಗವೂ ಅತಿ ಸ್ಪಷ್ಟ ಚಿತ್ರವೂ ಸಿಗುವ ವಾಲಿಕೆಯನ್ನೇ ಆರಿಸಿಕೊಳ್ಳಿ.

ಪ್ರತಿ ಹತ್ತು ಜನರಲ್ಲಿ ಒಬ್ಬರಿಗಾದರೂ ಈ ಕಿಟಕಿ ತೆರೆಯುವುದೇ ಇಲ್ಲ. ವಯಸ್ಸಾದ ಹೆಂಗಸರಲ್ಲಿ ಇದು ಇನ್ನೂ ಹೆಚ್ಚು. ಎರಡೂ ಬದಿಯಲ್ಲಿ ಹದಿನೈದು ನಿಮಿಷ ಹುಡುಕಿಯೂ ಸಿಗದಿದ್ದರೆ ‘ಕಿಟಕಿ ಇಲ್ಲ’ ಎಂದು ಬರೆದು ಕೈಬಿಡಿ. ಅಲೆಯ ಬಲವನ್ನು ಹೆಚ್ಚಿಸುತ್ತ ಹೋಗುವುದಾಗಲಿ, ಕಣ್ಣಿನ ಮೂಲಕ ಪ್ರಯತ್ನಿಸುವುದಾಗಲಿ ಬೇಡ. ಕಣ್ಣಿನ ಕಿಟಕಿಗೆ ಬಲವನ್ನು ತೀರ ತಗ್ಗಿಸಬೇಕು ಎಂಬ ನಿಯಮವನ್ನು ಅವಸರದಲ್ಲಿ ಮರೆಯುವವರಿದ್ದಾರೆ.

ಜಾಗ ಸಿಕ್ಕ ಮೇಲೆ ಕಣ್ಣಿನ ಅಂಚಿನಿಂದ ಮತ್ತು ಕಿವಿಯ ಮುಂದಿನ ಮೃದ್ವಸ್ಥಿಯಿಂದ ಅದು ಎಷ್ಟು ದೂರವಿದೆ ಎಂದು ಅಳೆದು ಬರೆಯಿರಿ, ಚರ್ಮದ ಮೇಲೆ ಗುರುತು ಹಾಕಿ. ನಾಳೆ ಬೇರೆಯವರ ಪಾಳಿ ಇದ್ದರೂ ಅದೇ ಜಾಗ ಸಿಗಬೇಕು.

ಹಂತ 4: ಮೂಲ ಅಳತೆ

ರೋಗಿ ಹತ್ತು ನಿಮಿಷ ಮಾತಿಲ್ಲದೆ ವಿಶ್ರಮಿಸಿದ ಮೇಲೆ, ಒಂದು ನಿಮಿಷದಷ್ಟು ಹೊತ್ತಿನ ಸರಾಸರಿಯನ್ನು ತೆಗೆದುಕೊಳ್ಳಿ. ಒಂದೇ ಬಡಿತವನ್ನು ನಿಲ್ಲಿಸಿ ಅಳೆಯುವುದು ಸಲ್ಲದು. ಹಾಳೆಯಲ್ಲಿ ಬದಿ, ಆಳ, ಗರಿಷ್ಠ ವೇಗ, ಬಡಿತದ ಕೊನೆಯ ವೇಗ, ಸರಾಸರಿ ವೇಗ, ರಕ್ತದೊತ್ತಡ, ನಾಡಿ ಮತ್ತು ಉಸಿರಿನ ಇಂಗಾಲದ ಡೈಆಕ್ಸೈಡ್ ಒಂದೇ ಸಾಲಿನಲ್ಲಿ ಬರಬೇಕು. ಈ ಸಾಲು ಪೂರ್ತಿಯಾಗದೆ ಚೇಂಬರ್‌ನ ಬಾಗಿಲು ಮುಚ್ಚಬಾರದೆಂಬ ನಿಯಮವನ್ನೇ ನಿಮ್ಮ ಕೇಂದ್ರದಲ್ಲಿ ಮಾಡಿಕೊಳ್ಳಿ.

ಲೆಕ್ಕ ಸರಳ. ಗರಿಷ್ಠ ವೇಗ ಸೆಕೆಂಡಿಗೆ 96 ಸೆಂಟಿಮೀಟರ್, ಬಡಿತದ ಕೊನೆಯ ವೇಗ 42 ಎಂದುಕೊಳ್ಳಿ. ಕೊನೆಯ ವೇಗದ ಎರಡರಷ್ಟಕ್ಕೆ ಗರಿಷ್ಠವನ್ನು ಕೂಡಿ ಮೂರರಿಂದ ಭಾಗಿಸಿದರೆ ಸರಾಸರಿ 60 ಬರುತ್ತದೆ. ಗರಿಷ್ಠದಿಂದ ಕೊನೆಯದನ್ನು ಕಳೆದು ಸರಾಸರಿಯಿಂದ ಭಾಗಿಸಿದರೆ 0.9, ಇದು ನಾಡಿಮಿಡಿತದ ಸೂಚ್ಯಂಕ, ಅಂದರೆ ಪಿಐ. ಯಂತ್ರ ತಾನೇ ಲೆಕ್ಕ ಹಾಕುತ್ತದೆಯಾದರೂ ಮೊದಲ ಕೆಲವು ವಾರ ಕೈಯಲ್ಲೂ ಮಾಡಿ ನೋಡಿ. ಯಂತ್ರ ಸದ್ದಿನ ಗದ್ದಲವನ್ನೇ ಗರಿಷ್ಠ ವೇಗವೆಂದು ಎಣಿಸಿದ್ದರೆ ಇದರಿಂದ ಕೂಡಲೇ ಗೊತ್ತಾಗುತ್ತದೆ.

ಕೊನೆಯದಾಗಿ ಒಂದು ಪರೀಕ್ಷೆ. ಸಾಮಾನ್ಯ ಉಸಿರಿನ ನಂತರ ರೋಗಿ 20ರಿಂದ 30 ಸೆಕೆಂಡ್ ಉಸಿರು ಹಿಡಿಯಲಿ. ಇಂಗಾಲದ ಡೈಆಕ್ಸೈಡ್ ಏರಿ ವೇಗವೂ ಏರಬೇಕು. ಏರಿದರೆ ಸಂಕೇತ ಸಜೀವವಾಗಿದೆ, ನಾಳವೂ ಸ್ಪಂದಿಸುತ್ತಿದೆ ಎಂದರ್ಥ. ಈ ಪರೀಕ್ಷೆಯನ್ನು ಚೇಂಬರ್‌ನೊಳಗೆ ಎಂದಿಗೂ ಮಾಡಬೇಡಿ. ಒತ್ತಡ ಇಳಿಯುವಾಗ ಉಸಿರು ಹಿಡಿದರೆ ಶ್ವಾಸಕೋಶ ಹರಿದು ಗಾಳಿ ರಕ್ತಕ್ಕೆ ಸೇರಬಹುದು.

ಹಂತ 5: ಪ್ರೋಬನ್ನು ಬಿಗಿಯುವುದು

ಮೊದಲು ತಲೆಪಟ್ಟಿ, ಅದರ ಮೇಲೆ ಮಾಸ್ಕಿನ ಪಟ್ಟಿ. ಮಾಸ್ಕ್ ಮೊದಲು ಹಾಕಿದರೆ ತಲೆಪಟ್ಟಿ ಅದರ ಮೇಲೆ ಕೂತು, ರೋಗಿ ದವಡೆ ಆಡಿಸಿದಾಗಲೆಲ್ಲ ಜಾರುತ್ತದೆ. ಮಾಸ್ಕ್ ಹಾಕಿದ ಮೇಲೆ ಮತ್ತೊಮ್ಮೆ ವೇಗ ನೋಡಿ. ಹಂತ 4ರ ಅಂಕಿಗಿಂತ ಬಹಳ ಬೇರೆಯಾಗಿದ್ದರೆ ಬಿಗಿಯುವಾಗ ಪ್ರೋಬ್ ಸರಿದಿದೆ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲಿನಿಂದ ಬಂದ ರೋಗಿಯ ಹಣೆಯ ಬೆವರು ಆರಿರುವುದಿಲ್ಲ. ಅದರ ಮೇಲೆ ಒತ್ತಡ ಏರುವಾಗ ಚೇಂಬರ್‌ನ ಗಾಳಿಯೂ ಬಿಸಿಯಾಗುತ್ತದೆ. ಬೆವರಿದ ಚರ್ಮದ ಮೇಲೆ ಪಟ್ಟಿ ನಿಲ್ಲದು. ಆ ತಿಂಗಳುಗಳಲ್ಲಿ ರೋಗಿಯನ್ನು ಅರ್ಧ ಗಂಟೆ ತಂಪಾದ ಕೋಣೆಯಲ್ಲಿ ಕೂರಿಸಿ, ಹಣೆ ಒರೆಸಿ, ನಂತರ ಬಿಗಿಯಿರಿ.

ಹಂತ 6: ಒತ್ತಡ ಏರುವಾಗ

ಈ ಹೊತ್ತಿನ ವೇಗದ ಅಂಕಿಗಳನ್ನು ದಾಖಲಿಸಬೇಡಿ. ಕಿವಿ ಬಿಡಿಸಿಕೊಳ್ಳಲು ರೋಗಿ ಮೂಗು ಹಿಡಿದು ಊದುತ್ತಾರೆ. ಆಗ ಎದೆಯೊಳಗಿನ ಒತ್ತಡ ಏರಿ ಮಿದುಳಿನ ರಕ್ತದ ವೇಗ ಒಮ್ಮೆ ಬಿದ್ದು ಒಮ್ಮೆ ಏಳುತ್ತದೆ. ತೆರೆಯ ಮೇಲೆ ಅದು ದೊಡ್ಡ ಬದಲಾವಣೆಯಂತೆ ಕಂಡರೂ ಆಮ್ಲಜನಕಕ್ಕೂ ಅದಕ್ಕೂ ಸಂಬಂಧವಿಲ್ಲ. ಪ್ರೋಬ್ ಜಾರಿತೇ ಎಂಬುದನ್ನು ಮಾತ್ರ ನೋಡುತ್ತಿರಿ. “ಕಿವಿ ಗಚ್ಚ ಆಗ್ಯಾವ್ರಿ” ಎಂದು ರೋಗಿ ಹೇಳಿದರೆ ಒತ್ತಡ ಏರಿಸುವುದನ್ನು ನಿಲ್ಲಿಸಬೇಕು. ಅಳತೆಗಾಗಿ ಯಾರ ಕಿವಿಯೂ ಹಾಳಾಗಬಾರದು.

ಇಲ್ಲಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಚೇಂಬರ್‌ನ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿಯ ಗಾಳಿಯ ಒತ್ತಡ ಸುಮಾರು 0.95 ವಾಯುಮಂಡಲ; ಇನ್ನೂ ಎತ್ತರದ ಬೀದರ್‌ನಲ್ಲಿ ಸುಮಾರು 0.92. ಗೇಜ್ 1.4 ತೋರಿಸಿದಾಗ ಸಮುದ್ರದಂಡೆಯಲ್ಲಿ ನಿರಪೇಕ್ಷ ಒತ್ತಡ, ಅಂದರೆ ಹೊರಗಿನ ಗಾಳಿಯದನ್ನೂ ಕೂಡಿಸಿದ ಒಟ್ಟು ಒತ್ತಡ, 2.4 ಎಟಿಎ (ವಾಯುಮಂಡಲಗಳಲ್ಲಿ ಎಣಿಸಿದ ನಿರಪೇಕ್ಷ ಒತ್ತಡ) ಆಗಿದ್ದರೆ ಕಲಬುರಗಿಯಲ್ಲಿ 2.35, ಬೀದರ್‌ನಲ್ಲಿ 2.32ರ ಆಸುಪಾಸು ಇರುತ್ತದೆ. ರೋಗಿಗೆ ಇದರಿಂದ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಮುಂದಿನ ಹಂತದ ಲೆಕ್ಕಕ್ಕೆ ಈ ಅಂಕಿ ಬೇಕು.

ಹಂತ 7: ಆಮ್ಲಜನಕದ ಅವಧಿ

ನಿಗದಿತ ಒತ್ತಡಕ್ಕೆ ಬಂದ ಮೇಲೆ, ಆಮ್ಲಜನಕ ಕೊಡುವ ಮೊದಲು, ರೋಗಿ ಚೇಂಬರ್‌ನ ಗಾಳಿಯನ್ನೇ ಉಸಿರಾಡುತ್ತಿರುವಾಗ ಒಂದು ಅಳತೆ ತೆಗೆಯಿರಿ. ನಂತರ ಆಮ್ಲಜನಕ ಶುರುವಾದ 5ನೇ ನಿಮಿಷ, 15ನೇ ನಿಮಿಷ ಮತ್ತು ಅವಧಿಯ ಕೊನೆಯಲ್ಲಿ ತೆಗೆಯಿರಿ. ಪ್ರತಿ ಸಲವೂ ವೇಗದ ಜೊತೆಗೆ ಇಂಗಾಲದ ಡೈಆಕ್ಸೈಡ್, ರಕ್ತದೊತ್ತಡ, ನಾಡಿ ಇರಲೇಬೇಕು. ನಾಡಿ ತುಸು ನಿಧಾನವಾಗುವುದು ಈ ಚಿಕಿತ್ಸೆಯಲ್ಲಿ ನಿರೀಕ್ಷಿತ.

ಕೆಲಸ ಕೆಡುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಓದುವಲ್ಲಿ. ದೇಹದಲ್ಲಿ ಅದರ ಒತ್ತಡ ಸಾಮಾನ್ಯವಾಗಿ 40 ಮಿಲಿಮೀಟರ್ ಪಾದರಸದ ಸುಮಾರಿಗೆ ಇರುತ್ತದೆ. ಚೇಂಬರ್‌ನೊಳಗೂ ಅಷ್ಟೇ ಇರುತ್ತದೆ. ಆದರೆ ಒಟ್ಟು ಒತ್ತಡ ಎರಡೂವರೆ ಪಟ್ಟಾದಾಗ ಅದರ ಶೇಕಡಾವಾರು ಪಾಲು ಎರಡೂವರೆ ಪಟ್ಟು ಇಳಿಯುತ್ತದೆ. ಕೊಳವೆಯ ಮೂಲಕ ಉಸಿರಿನ ಮಾದರಿಯನ್ನು ಹೊರಗಿನ ಯಂತ್ರಕ್ಕೆ ತಂದಾಗ, ಕಲಬುರಗಿಯಲ್ಲಿ 2.4 ಎಟಿಎ ಚಿಕಿತ್ಸೆ ನಡೆಯುತ್ತಿದ್ದರೆ ಯಂತ್ರ ಸುಮಾರು 16 ತೋರಿಸುತ್ತದೆ. ಅದನ್ನು ನೋಡಿ ರೋಗಿ ವಿಪರೀತ ಉಸಿರಾಡುತ್ತಿದ್ದಾರೆ ಎಂದು ಬರೆದ ಹಾಳೆಗಳನ್ನು ನಾನು ಕಂಡಿದ್ದೇನೆ. ಚೇಂಬರ್‌ನ ನಿರಪೇಕ್ಷ ಒತ್ತಡವನ್ನು ಊರಿನ ಗಾಳಿಯ ಒತ್ತಡದಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಯಂತ್ರದ ಅಂಕಿಯನ್ನು ಗುಣಿಸಿ: 2.4 ಭಾಗಿಸು 0.95 ಅಂದರೆ ಸುಮಾರು 2.5, 16 ಗುಣಿಸು 2.5 ಅಂದರೆ 40. ಮಾದರಿಯ ಕೊಳವೆಗೆ ಹರಿವನ್ನು ತಗ್ಗಿಸುವ ಕವಾಟ ಇರಲೇಬೇಕು. ಇಲ್ಲದಿದ್ದರೆ ಚೇಂಬರ್‌ನ ಒತ್ತಡ ನೇರವಾಗಿ ಯಂತ್ರಕ್ಕೆ ನುಗ್ಗುತ್ತದೆ.

ಈಗ ಹಂತ 4ರ ಉದಾಹರಣೆಗೆ ಮರಳೋಣ. ಆಮ್ಲಜನಕದ 15ನೇ ನಿಮಿಷದಲ್ಲಿ ಗರಿಷ್ಠ ವೇಗ 82, ಕೊನೆಯದು 34 ಎಂದಿರಲಿ. ಸರಾಸರಿ 50. ಮೊದಲಿನ 60ಕ್ಕೆ ಹೋಲಿಸಿದರೆ ಸುಮಾರು ಶೇ 17ರ ಇಳಿಕೆ. ‘ಆಮ್ಲಜನಕದಿಂದ ಶೇ 17 ಇಳಿಕೆ’ ಎಂದು ಬರೆಯುವ ಮುನ್ನ ಇಂಗಾಲದ ಡೈಆಕ್ಸೈಡ್ ನೋಡಿ. ಅದು 40ರಿಂದ 36ಕ್ಕೆ ಇಳಿದಿದ್ದರೆ, ಪ್ರತಿ ಮಿಲಿಮೀಟರಿಗೆ ವೇಗ ಸುಮಾರು ಶೇ 3ರಷ್ಟು ಬದಲಾಗುವ ಲೆಕ್ಕದಲ್ಲಿ, ಶೇ 12ರಷ್ಟು ಇಳಿಕೆ ಉಸಿರಾಟದ್ದೇ. ಆಮ್ಲಜನಕದ ಪಾಲಿಗೆ ಉಳಿಯುವುದು ಶೇ 5ರ ಸುಮಾರು ಮಾತ್ರ. ಮುಚ್ಚಿದ ಚೇಂಬರ್‌ಗೆ ಹೆದರಿ ಬೇಗ ಬೇಗ ಉಸಿರಾಡುವ ಹೊಸ ರೋಗಿಗಳಲ್ಲಿ ಮೊದಲ ದಿನದ ಇಳಿಕೆ ದೊಡ್ಡದಾಗಿದ್ದು, ನಾಲ್ಕನೇ ದಿನಕ್ಕೆ ಚಿಕ್ಕದಾಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಮಾಸ್ಕಿನೊಳಗಿಂದ ತೆಗೆದ ಮಾದರಿ ಆಮ್ಲಜನಕದೊಡನೆ ಬೆರೆತು ತೆಳುವಾಗುವುದರಿಂದ, ಅಂಕಿಯನ್ನು ಅಕ್ಷರಶಃ ನಂಬದೆ ಏರಿಳಿತದ ದಿಕ್ಕನ್ನು ಮುಖ್ಯವಾಗಿ ಗಮನಿಸಿ.

ಪ್ರೋಬ್ ಜಾರಿದ್ದನ್ನೂ ನಿಜವಾದ ಇಳಿಕೆಯನ್ನೂ ಬೇರ್ಪಡಿಸಲು ಚಿತ್ರದ ಹೊಳಪನ್ನು ನೋಡಿ. ವೇಗ ಇಳಿದರೂ ಚಿತ್ರದ ಅಂಚು ಚೂಪಾಗಿ, ಸದ್ದು ಗಟ್ಟಿಯಾಗಿ ಉಳಿದಿದ್ದರೆ ಇಳಿಕೆ ದೇಹದ್ದು. ಹೊಳಪೂ ಮಂಕಾಗಿ, ಸದ್ದೂ ಸೊರಗಿದ್ದರೆ ಇಳಿಕೆ ಪ್ರೋಬ್‌ನದು. ಒಳಗಿರುವ ಸಹಾಯಕರು ಪ್ರೋಬ್ ಸರಿಪಡಿಸಿದರೆ ಆ ಸಮಯವನ್ನು ಹಾಳೆಯಲ್ಲಿ ಗೆರೆ ಎಳೆದು ಗುರುತಿಸಿ. ಗೆರೆಯ ಆಚೆಈಚಿನ ಅಂಕಿಗಳನ್ನು ಕೂಡಿಸಿ ಓದಬಾರದು.

ಹಂತ 8: ಗಾಳಿಯ ವಿರಾಮವನ್ನು ಪರೀಕ್ಷೆಯಾಗಿ ಬಳಸಿ

ಆಮ್ಲಜನಕದ ಅವಧಿಗಳ ನಡುವೆ ರೋಗಿಗೆ ಸಾಮಾನ್ಯವಾಗಿ 5 ನಿಮಿಷ ಗಾಳಿ ಕೊಡುತ್ತಾರೆ. ಹಲವರು ಆಗ ಯಂತ್ರ ಬಿಟ್ಟು ಎದ್ದುಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ಚಿಕಿತ್ಸೆಯಲ್ಲಿ ಇಷ್ಟು ಉಪಯುಕ್ತವಾದ 5 ನಿಮಿಷ ಇನ್ನೊಂದಿಲ್ಲ. ಇಳಿಕೆ ಆಮ್ಲಜನಕದಿಂದಲೇ ಆಗಿದ್ದರೆ ಗಾಳಿ ಕೊಟ್ಟಾಗ ವೇಗ ಮೇಲೇರಬೇಕು. ಪೂರ್ತಿ ಹಿಂದಿರುಗದಿರಬಹುದು, ಏಕೆಂದರೆ 2.4 ಎಟಿಎಯಲ್ಲಿ ಗಾಳಿಯೂ ಅರ್ಧ ವಾಯುಮಂಡಲದಷ್ಟು ಆಮ್ಲಜನಕ ಕೊಡುತ್ತದೆ. ಏರಿಕೆಯೇ ಕಾಣದಿದ್ದರೆ ಪ್ರೋಬ್ ಜಾರಿರಬೇಕು, ಇಲ್ಲವೇ ರೋಗಿ ಇನ್ನೂ ವೇಗವಾಗಿ ಉಸಿರಾಡುತ್ತಿರಬೇಕು.

ಎಚ್ಚರಿಕೆಯ ಲಕ್ಷಣಗಳು

ಆಮ್ಲಜನಕದ ಅವಧಿಯಲ್ಲಿ ಇಳಿದು ನಿಂತಿದ್ದ ವೇಗ ಮತ್ತೆ ಏರತೊಡಗಿದರೆ ಮೊದಲು ಇಂಗಾಲದ ಡೈಆಕ್ಸೈಡ್ ಏರಿದೆಯೇ ನೋಡಿ. ಮಾಸ್ಕಿನ ಕವಾಟ ಕೆಟ್ಟು ಬಿಟ್ಟ ಉಸಿರನ್ನೇ ರೋಗಿ ಮತ್ತೆ ಎಳೆದುಕೊಳ್ಳುತ್ತಿರಬಹುದು. ಅದೂ ಅಲ್ಲವೆಂದಾದರೆ ಆಮ್ಲಜನಕದ ವಿಷಪರಿಣಾಮವನ್ನು ಶಂಕಿಸಬೇಕು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಸೆಳೆತಕ್ಕೆ ಮುಂಚೆ ಮಿದುಳಿನ ಹರಿವು ಹೀಗೆ ಮತ್ತೆ ಏರುವುದು ಕಂಡುಬಂದಿದೆ. ಆ ಹೊತ್ತಿನಲ್ಲಿ ತೆರೆ ಬಿಟ್ಟು ರೋಗಿಯ ಮುಖ ನೋಡಿ.

ತುಟಿ, ಕೆನ್ನೆಯ ಸ್ನಾಯು ಅದುರುವುದು, ಕಣ್ಣಿನ ನೋಟ ಕಿರಿದಾಗುವುದು, ಕಿವಿಯಲ್ಲಿ ಮೊರೆತ, ಓಕರಿಕೆ, ಕಾರಣವಿಲ್ಲದ ಸಿಡುಕು, ತಲೆಸುತ್ತು ಇವು ಮುನ್ಸೂಚನೆಗಳು. ರೋಗಿ ಇವನ್ನು ಪುಸ್ತಕದ ಮಾತಿನಲ್ಲಿ ಹೇಳುವುದಿಲ್ಲ. “ಕಣ್ಣ ಮಂಜ ಕಾಣ್ಲಕತ್ತಾವ್ರಿ”, “ತುಟಿ ಝುಮ್ಮ ಅನ್ಲಕತ್ತದ ಅಕ್ಕಾ” ಎನ್ನಬಹುದು. ದಖ್ಖನಿ ಉರ್ದು, ಮರಾಠಿ, ತೆಲುಗು ಮಾತಾಡುವವರು ತಮ್ಮ ಮಾತಿನಲ್ಲಿ ಹೇಳಬಹುದು. ಬಾಗಿಲು ಮುಚ್ಚುವ ಮೊದಲೇ ಅವರವರ ಮಾತಿನಲ್ಲಿ ಈ ಲಕ್ಷಣಗಳನ್ನು ಕೇಳಿಸಿ, ಕೈಸನ್ನೆಯನ್ನೂ ಗೊತ್ತುಮಾಡಿಕೊಳ್ಳಿ. ಮಾಸ್ಕ್ ಹಾಕಿಕೊಂಡವರ ಮಾತು ಹೊರಗೆ ಅಸ್ಪಷ್ಟವಾಗಿ ಕೇಳುತ್ತದೆ.

ಲಕ್ಷಣ ಕಂಡ ಕೂಡಲೇ ಮಾಸ್ಕ್ ತೆಗೆದು ಗಾಳಿ ಕೊಡಿ, ವೈದ್ಯರಿಗೆ ತಿಳಿಸಿ. ಸೆಳೆತವೇ ಬಂದರೆ ಆಮ್ಲಜನಕ ನಿಲ್ಲಿಸಿ, ಪೆಟ್ಟಾಗದಂತೆ ಕಾಯಿರಿ. ಸೆಳೆತ ನಿಂತು ಉಸಿರಾಟ ಮರಳುವವರೆಗೆ ಚೇಂಬರ್‌ನ ಒತ್ತಡ ಇಳಿಸಬಾರದು. ಸೆಳೆತದಲ್ಲಿ ಗಂಟಲು ಮುಚ್ಚಿರುತ್ತದೆ. ಆಗ ಒತ್ತಡ ಇಳಿಸಿದರೆ ಎದೆಯೊಳಗೆ ಹಿಗ್ಗುವ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ. ಗಾಬರಿಯಲ್ಲಿ ಬಾಗಿಲು ತೆರೆಯಲು ಓಡುವುದು ಸಹಜ, ಆದ್ದರಿಂದಲೇ ಇದನ್ನು ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡಿಸಬೇಕು.

ಹಂತ 9: ಒತ್ತಡ ಇಳಿಸುವಾಗ

ರೋಗಿ ಸಾಮಾನ್ಯವಾಗಿ ಉಸಿರಾಡುತ್ತಿರಲಿ. ಕೆಮ್ಮು ಬಂದರೆ ಹೇಳಲಿ. ಗಾಳಿ ತಂಪಾಗಿ ಮಂಜು ಕವಿಯಬಹುದು, ಮೊದಲೇ ತಿಳಿಸಿ. ಈ ಹಂತದಲ್ಲಿ ವೇಗಕ್ಕಿಂತ ಸದ್ದಿಗೆ ಕಿವಿಗೊಡಿ. ಹರಿವಿನ ಸದ್ದಿನ ನಡುವೆ 300 ಮಿಲಿಸೆಕೆಂಡಿಗಿಂತ ಚಿಕ್ಕದಾದ, ಹಕ್ಕಿ ಚಿಲಿಪಿಲಿಯಂತಹ, ಗೆರೆಯ ಒಂದೇ ಬದಿಯಲ್ಲಿ ಕಾಣುವ ಪ್ರಖರ ಚುಕ್ಕೆ ಬಂದರೆ ಅದು ರಕ್ತದಲ್ಲಿ ಸಾಗುವ ಗುಳ್ಳೆ ಅಥವಾ ಕಣವಾಗಿರಬಹುದು. ಗೆರೆಯ ಎರಡೂ ಬದಿಯಲ್ಲಿ ಒಮ್ಮೆಲೇ ಹರಡಿದ ಸದ್ದು ಕೆಮ್ಮಿನದೋ ತಲೆ ಅಲುಗಿದ್ದೋ ಆಗಿರುತ್ತದೆ. ಅಂತಹ ಚುಕ್ಕೆಗಳು ಪದೇ ಪದೇ ಕಂಡರೆ, ಅದರಲ್ಲೂ ರೋಗಿಗೆ ಗೊಂದಲ, ಕೈಕಾಲಿನ ಬಲಹೀನತೆ, ಎದೆನೋವು ಇದ್ದರೆ, ಇಳಿಸುವುದನ್ನು ತಡೆದು ವೈದ್ಯರ ಮಾತಿಗೆ ಕಾಯಿರಿ.

ಹಂತ 10: ಹೊರಬಂದ ಮೇಲೆ

ಪ್ರೋಬ್ ತೆಗೆಯುವ ಮುನ್ನವೇ, ಹತ್ತು ನಿಮಿಷ ವಿಶ್ರಾಂತಿಯ ನಂತರ, ಮೂಲ ಅಳತೆಯನ್ನು ಅದೇ ಭಂಗಿಯಲ್ಲಿ ಮತ್ತೊಮ್ಮೆ ತೆಗೆಯಿರಿ. ಮೊದಲಿನ ಅಂಕಿಯ ಹತ್ತಿರಕ್ಕೆ ಬಂದರೆ ನಡುವಿನ ಅಂಕಿಗಳನ್ನು ನಂಬಬಹುದು. ಬಹಳ ದೂರ ಉಳಿದರೆ, ಉಸಿರಾಟದಿಂದಲೋ ರಕ್ತದೊತ್ತಡದಿಂದಲೋ ಅದನ್ನು ವಿವರಿಸಲಾಗದಿದ್ದರೆ, ಆ ದಿನದ ಹಾಳೆಯ ಮೇಲೆ ‘ಹೋಲಿಕೆಗೆ ಯೋಗ್ಯವಲ್ಲ’ ಎಂದು ಬರೆದು ಇಟ್ಟುಬಿಡಿ.

ಜೆಲ್ ಒರೆಸುವುದನ್ನೂ ಪ್ರೋಬ್ ಶುಚಿಗೊಳಿಸುವುದನ್ನೂ ಚೇಂಬರ್‌ನ ಹೊರಗೆ ಮಾಡಿ. ಸ್ಪಿರಿಟ್ ಹಚ್ಚಿದ ಹತ್ತಿ ಒಳಗೆ ಹೋಗಬಾರದು, ಒರೆಸಿದ ಪ್ರೋಬ್ ಪೂರ್ತಿ ಆರದೆ ಮರಳಿ ಒಳಗೆ ಬರಬಾರದು. ತಂತಿಯನ್ನು ಬೆರಳುಗಳ ನಡುವೆ ಹಾಯಿಸಿ ಎಲ್ಲಾದರೂ ಸೀಳಿದೆಯೇ, ಪ್ರೋಬ್‌ನ ಮುಖ ಒತ್ತಡದಿಂದ ಉಬ್ಬಿದೆಯೇ ಎಂದು ನೋಡಿ. ಅನುಮಾನ ಬಂದ ಪ್ರೋಬ್‌ಗೆ ಕೆಂಪು ಚೀಟಿ ಕಟ್ಟಿ ಬೇರೆ ಪೆಟ್ಟಿಗೆಯಲ್ಲಿಡಿ, ಸಂಜೆಯ ಪಾಳಿಯವರ ಕೈಗೆ ಅದು ಸಿಗದಿರಲಿ.